ಎಸ್‌.ಪಿ. ರೋಡಿನಲ್ಲಿ ಗಾಳಿಯ ಹಾದಿ ಹಿಡಿದು

ಬೆಂಗಳೂರಿನ ಪುರಭವನದ ಹತ್ತಿರ ಬಸ್ಸಿಳಿದು ಎಸ್‌.ಪಿ. ರೋಡಿಗೆ ಹೊರಳಿದರೆ ನಡೆಯಲು ಸಿಗುವುದು ಒಂದೇ ಗೇಣು ಜಾಗ. ಎರಡೂ ಬದಿಗೆ ಮಾನಿಟರುಗಳ ರಟ್ಟಿನ ಡಬ್ಬಿ, ಸುರುಳಿ ಸುತ್ತಿಟ್ಟ ವೈರು, ಗಾಡಿ ತಳ್ಳುವವರ ಕೂಗು. ಸಾದರ್ ಪತ್ರಪ್ಪ ರಸ್ತೆ ಎಂಬ ಪೂರ್ತಿ ಹೆಸರು ಈಗ ಯಾರ ಬಾಯಲ್ಲೂ ಇಲ್ಲ. ಕಂಪ್ಯೂಟರ್ ಕಟ್ಟಿಸಬೇಕೆನ್ನುವವರಿಗೆ ಇದು ಎಸ್‌.ಪಿ. ರೋಡ್, ಅಷ್ಟೆ.

ನಾವು ಹೊತ್ತೊಯ್ದದ್ದು ಮಗಳ ಕ್ಯಾಬಿನೆಟ್ಟನ್ನು. ಅವಳು ಆರ್ಕಿಟೆಕ್ಚರ್ ಓದುತ್ತಿದ್ದಾಳೆ. ಕಟ್ಟಡದ ನಕ್ಷೆಗೆ ಬೆಳಕು ನೆರಳು ತುಂಬಿ ಚಿತ್ರ ಮಾಡುವ ರೆಂಡರಿಂಗ್ ಗಂಟೆಗಟ್ಟಲೆ ನಡೆಯಬೇಕು. ಮೊದಲ ಹತ್ತು ನಿಮಿಷ ಚುರುಕಾಗಿ ಓಡುತ್ತಿದ್ದ ಯಂತ್ರ ಆಮೇಲೆ ಕುಂಟುತ್ತಿತ್ತು. ಫ್ಯಾನುಗಳ ಮೊರೆತ ಪಕ್ಕದ ಕೋಣೆಗೂ ಕೇಳುತ್ತಿತ್ತು. ಯಂತ್ರ ಕೆಟ್ಟಿರಲಿಲ್ಲ. ಈಗಿನ ಅನೇಕ ಪ್ರೊಸೆಸರುಗಳು 95ರಿಂದ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದೊಡನೆ ಸುಟ್ಟುಹೋಗದಿರಲೆಂದು ತಾವಾಗಿಯೇ ವೇಗ ತಗ್ಗಿಸುತ್ತವೆ. ಗ್ರಾಫಿಕ್ಸ್ ಕಾರ್ಡಿನ ಸ್ವಭಾವವೂ ಅದೇ.

ಇಕ್ಕಟ್ಟಿನ ಮೆಟ್ಟಿಲು ಹತ್ತಿದರೆ ಮೇಲೆ ಒಂದು ಪುಟ್ಟ ಕೋಣೆ. ಉದ್ದ ಮೇಜು, ಅದರ ಮೇಲೆ ರಬ್ಬರ್ ಹಾಸು, ಸ್ಕ್ರೂಗಳ ತಟ್ಟೆ, ಗೋಡೆಗೆ ದೇವರ ಪಟ. ಅಸೆಂಬಲ್ ಮಾಡುವ ತರುಣ ಪಕ್ಕದ ಗಾಜು ಬಿಚ್ಚಿ ಒಳಗೆ ಇಣುಕಿದರು. ಐದು ಫ್ಯಾನು, ಐದರಲ್ಲೂ ಬಣ್ಣದ ದೀಪ. ಅವರು ಥರ್ಮಾಮೀಟರ್ ಹುಡುಕಲಿಲ್ಲ. ಪಟದ ಮುಂದಿದ್ದ ಊದುಬತ್ತಿ ಕಿತ್ತು ತಂದು, ಯಂತ್ರ ಚಾಲೂ ಮಾಡಿ, ಕಿಡಿ ಒಳಗೆ ಬೀಳದಂತೆ ದೂರದಲ್ಲೇ ಹಿಡಿದರು.

ಮುಂಭಾಗದ ಗಾಜಿನ ಎದುರು ಹೊಗೆ ನೆಟ್ಟಗೆ ಮೇಲೇರಿತು. ಅಲ್ಲಿ ಗಾಳಿ ಒಳಗೆ ಹೋಗುತ್ತಲೇ ಇಲ್ಲ. ಮೇಲ್ಗಡೆ ಹಿಡಿದರೆ ಹೊಗೆ ಚದುರಿ ಸೂರಿನತ್ತ ಹಾರಿತು. ಹಿಂಭಾಗದಲ್ಲಿ, ಗ್ರಾಫಿಕ್ಸ್ ಕಾರ್ಡಿನ ಕೆಳಗಿನ ತಗಡಿನ ಸೀಳುಗಳ ಬಳಿ ಹಿಡಿದಾಗ ಹೊಗೆ ಎಳೆಎಳೆಯಾಗಿ ಒಳಗೆ ನುಗ್ಗಿತು. “ನೋಡಿ ಸಾರ್, ಮುಂಬಾಗಿಲು ಮುಚ್ಚಿದೆ, ಹಿತ್ತಲ ಸಂದಿಯಿಂದ ಉಸಿರಾಡ್ತಿದೆ” ಎಂದರು. ಆ ಸೀಳುಗಳ ಅಂಚಿಗೆ ಕಟ್ಟಿದ್ದ ಬೂದು ಧೂಳಿನ ಗೆರೆ ಅವರ ಮಾತಿಗೆ ಸಾಕ್ಷಿಯಾಗಿತ್ತು.

ಲೆಕ್ಕ ಹೀಗಿತ್ತು: ಮುಂದೆ ಎರಡು ಫ್ಯಾನು, ಅದರಲ್ಲೊಂದು ತಿರುವುಮುರುವಾಗಿ ಕೂತಿದೆ, ಮೇಲೆ ಎರಡು, ಹಿಂದೆ ಒಂದು. ತರುವುದು ಒಂದು, ದೂಡುವುದು ನಾಲ್ಕು. ತರುವ ಆ ಒಂದರ ಮುಂದೆಯೂ ಅಖಂಡ ಗಾಜು, ಬದಿಯಲ್ಲಿ ಬೆರಳಗಲದ ಸಂದಿ.

ಫ್ಯಾನಿನ ದಿಕ್ಕು ತಿಳಿಯುವುದು ಸುಲಭ. ಮೋಟಾರನ್ನು ಹಿಡಿದ ಕಡ್ಡಿಗಳು ಯಾವ ಮುಖದಲ್ಲಿವೆಯೋ ಸಾಮಾನ್ಯವಾಗಿ ಆ ಕಡೆಯಿಂದ ಗಾಳಿ ಹೊರಬೀಳುತ್ತದೆ. ಈಚೆಗೆ ಗಾಜಿನಾಚೆ ಕಡ್ಡಿ ಕಾಣಬಾರದೆಂದು ರೆಕ್ಕೆಗಳನ್ನೇ ಉಲ್ಟಾ ತಿರುಗಿಸಿದ ಫ್ಯಾನುಗಳೂ ಬಂದಿವೆ. ಹಾಗಾಗಿ ಚೌಕಟ್ಟಿನ ಮೇಲೆ ಬಾಣದ ಗುರುತಿದ್ದರೆ ನೋಡಬೇಕು. ಇಲ್ಲದಿದ್ದರೆ ತೆಳುವಾದ ಕಾಗದದ ಚೂರು ಹಿಡಿದು ಅದು ಅಂಟುತ್ತದೋ ಹಾರುತ್ತದೋ ನೋಡಿದರಾಯಿತು.

ಈಗ ಗಾಳಿಯ ಜೊತೆಗೇ ಒಳಹೊಕ್ಕು ನಡೆಯೋಣ. ಮುಂಬಾಗಿಲಲ್ಲಿ ಧೂಳಿನ ಜಾಲರಿ. ಅದರ ಹಿಂದೆ 120 ಮಿಲಿಮೀಟರಿನ ಫ್ಯಾನುಗಳ ಸಾಲು; ಜಾಗವಿದ್ದರೆ 140ರದ್ದು ಇನ್ನೂ ಮೇಲು, ನಿಧಾನವಾಗಿ ತಿರುಗಿಯೇ ಅಷ್ಟೇ ಗಾಳಿ ತರುತ್ತದೆ. ಅಲ್ಲಿಂದ ಹಾದಿ ಕವಲೊಡೆಯುತ್ತದೆ. ಕೆಳಗಿನ ಕವಲು ಗ್ರಾಫಿಕ್ಸ್ ಕಾರ್ಡಿನ ಹೊಟ್ಟೆಯಡಿಗೆ. ದೊಡ್ಡ ಕೆಲಸದ ಹೊತ್ತಿನಲ್ಲಿ ಇಡೀ ಪೆಟ್ಟಿಗೆಯ ಒಲೆ ಇದೇ; 200, 300 ವಾಟ್ ನುಂಗುವ ಕಾರ್ಡುಗಳು ಈಗ ಸಾಮಾನ್ಯ. ತನ್ನ ಬಿಸಿಯನ್ನು ಅದು ಪೆಟ್ಟಿಗೆಯೊಳಗೇ ಉಗುಳುತ್ತದೆ. ಮೇಲಿನ ಕವಲು ಪ್ರೊಸೆಸರಿನ ಹೀಟ್‌ಸಿಂಕಿನ ತೆಳು ತಗಡುಗಳ ನಡುವೆ ತೂರಿ ನೇರ ಹಿಂದಿನ ಕಿಂಡಿಗೆ. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಮಾತ್ರ ನೆಲಮಾಳಿಗೆಯಲ್ಲಿ ಬೇರೆ ಸಂಸಾರ ಹೂಡಿದೆ: ಕೆಳಗಿನಿಂದ ಎಳೆದು ಹಿಂದೆ ಬಿಡುತ್ತದೆ. 1995ರಲ್ಲಿ ಕಂಪ್ಯೂಟರ್ ಪೆಟ್ಟಿಗೆಗಳಿಗೆ ಎಟಿಎಕ್ಸ್ ಎಂಬ ಮಾದರಿ ಬಂದಾಗ ಎಸ್‌ಎಂಪಿಎಸ್‌ನ ಫ್ಯಾನು ಗಾಳಿಯನ್ನು ಒಳಕ್ಕೆ, ಪ್ರೊಸೆಸರಿನ ಮೇಲೇ ಊದಲಿ ಎಂಬ ಯೋಚನೆಯಿತ್ತು. ಆಮೇಲೆ ಅದನ್ನು ಕೈಬಿಟ್ಟರು.

ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎದುರುಬದುರು ಬಾಗಿಲು, ಸೂರಿನಲ್ಲಿ ಗವಾಕ್ಷಿ. ಒಂದು ವ್ಯತ್ಯಾಸವಿದೆ, ಅದನ್ನು ಅನೇಕರು ಮರೆಯುತ್ತಾರೆ: ಬಿಸಿಗಾಳಿ ತಾನಾಗಿ ಮೇಲೇರುವ ಬಲ ಇಷ್ಟು ಚಿಕ್ಕ ಪೆಟ್ಟಿಗೆಯಲ್ಲಿ ಫ್ಯಾನಿನ ಎದುರು ಏನೇನೂ ಅಲ್ಲ. ಮೇಲೆ ಫ್ಯಾನು ಜಡಿದರೆ ಒಳ್ಳೆಯದಾಗಿಯೇ ತೀರುತ್ತದೆ ಎಂಬ ನಂಬಿಕೆ ಅದಕ್ಕೇ ಪೂರ್ತಿ ಸರಿಯಲ್ಲ. ಮೇಲ್ಗಡೆಯ ಮುಂದಿನ ಮೂಲೆಯಲ್ಲಿ ಹೊರದೂಡುವ ಫ್ಯಾನಿಟ್ಟರೆ ಮುಂದಿನಿಂದ ಬಂದ ತಂಪುಗಾಳಿ ಪ್ರೊಸೆಸರನ್ನು ಮುಟ್ಟುವ ಮೊದಲೇ ಮೇಲಕ್ಕೆ ಎಳೆದುಹೋಗುತ್ತದೆ. ನಮ್ಮ ಪೆಟ್ಟಿಗೆಯಲ್ಲಿ ಆಗುತ್ತಿದ್ದದ್ದು ಅದೇ.

ತರುಣ ಮೇಲಿನ ಆ ಫ್ಯಾನು ಬಿಚ್ಚಿ ಮುಂದಿನ ಖಾಲಿ ಜಾಗಕ್ಕೆ ತಂದರು. ಉಲ್ಟಾ ಕೂತದ್ದನ್ನು ತಿರುಗಿಸಿದರು. ಗಾಜಿನ ಮುಖವಾಡ ತೆಗೆಸಿ, ಪಕ್ಕದ ಗಲ್ಲಿಯಿಂದ ಜಾಲರಿ ತರಿಸಿ ಅಳತೆಗೆ ಕತ್ತರಿಸಿ ಕೂರಿಸಿದರು. ಮಗಳಿಗೆ ಆ ಗಾಜಿನ ಮೇಲೆ ಆಸೆಯಿತ್ತು; ಎರಡು ನಿಮಿಷ ಸುಮ್ಮನಿದ್ದು “ಹಾಗೇ ಮಾಡಿ” ಎಂದಳು. ಈಗ ಮೂರು ತರುತ್ತವೆ, ಎರಡು ಒಯ್ಯುತ್ತವೆ. ಒಳಗೆ ಗಾಳಿ ತುಸು ಹೆಚ್ಚಾಗಿ ಒತ್ತಿದರೆ ಸಂದಿಗಳಿಂದ ಹೊರಕ್ಕೇ ಸೋರುತ್ತದೆ, ಧೂಳು ಜಾಲರಿ ದಾಟದೆ ಒಳಬರಲಾರದು. ಜಾಲರಿ ತೊಳೆಯುವುದು ಐದು ನಿಮಿಷದ ಕೆಲಸ. ಹೀಟ್‌ಸಿಂಕಿನ ತಗಡುಗಳ ನಡುವಿನ ಹತ್ತಿಯಂಥ ಧೂಳು ತೆಗೆಯಲು ಅರ್ಧ ದಿನವಾದರೂ ಬೇಕು.

ಗಾಳಿಯ ಲೆಕ್ಕ ಕಾಗದದ ಮೇಲೂ ಸಿಗುತ್ತದೆ. 400 ವಾಟ್ ಉರಿಯುವ ಪೆಟ್ಟಿಗೆಯ ಮೂಲಕ ನಿಮಿಷಕ್ಕೆ 50 ಘನ ಅಡಿ ಗಾಳಿ ಹಾದರೆ ಅದು ಸುಮಾರು 14 ಡಿಗ್ರಿ ಬಿಸಿಯಾಗಿ ಹೊರಬೀಳುತ್ತದೆ. 100 ಘನ ಅಡಿಯಾದರೆ 7. ಬೆಂಗಳೂರಿನ 27 ಡಿಗ್ರಿಯ ಕೋಣೆಯಲ್ಲಿ 41ಕ್ಕೆ ನಿಲ್ಲುವ ಗಾಳಿ, ಮೇ ತಿಂಗಳ ಕಲಬುರಗಿಯಲ್ಲಿ ಕೋಣೆಯೇ 40 ಇದ್ದಾಗ 54 ಆಗುತ್ತದೆ. ಫ್ಯಾನು ಎಷ್ಟೇ ಇದ್ದರೂ ಕೋಣೆಗಿಂತ ತಂಪು ಮಾಡಲಾರದು. ಹಾಗೆಂದು ಇದ್ದ ಫ್ಯಾನನ್ನೇ ಜೋರಾಗಿ ಓಡಿಸುವುದು ನನಗೆ ಒಪ್ಪಿಗೆಯಿಲ್ಲ. ವೇಗ ದುಪ್ಪಟ್ಟಾದರೆ ಗಾಳಿಯೂ ಸುಮಾರು ದುಪ್ಪಟ್ಟಾಗುತ್ತದೆ, ಜೊತೆಗೆ ಸದ್ದು 15 ಡೆಸಿಬಲ್‌ನಷ್ಟು ಏರುತ್ತದೆ. ಅಂಥದೇ ಇನ್ನೊಂದು ಫ್ಯಾನು ಸೇರಿಸಿದರೆ ಏರುವುದು 3. ರಾತ್ರಿಯಿಡೀ ಅದರ ಪಕ್ಕ ಕೂತು ಕೆಲಸ ಮಾಡುವ ಮಕ್ಕಳ ಕಿವಿಯ ಪ್ರಶ್ನೆ ಇದು.

ಮತ್ತೆ ಊದುಬತ್ತಿ ಬಂತು. ಈ ಬಾರಿ ಮುಂದಿನ ಹೊಗೆ ಬಾಗಿ ಜಾಲರಿಯೊಳಗೆ ಮಾಯವಾಯಿತು. ಹಿಂದಿನ ಸೀಳುಗಳಲ್ಲಿ ಮೆಲ್ಲಗೆ ಹೊರಕ್ಕೆ ತಳ್ಳಿಸಿಕೊಂಡಿತು. ಮಗಳು ಬಗ್ಗಿ ನೋಡಿ ನಕ್ಕಳು.

“ಮನೇಲಿ ಎಲ್ಲಿಡ್ತೀರಿ ಮೇಡಂ?” ಎಂದು ತರುಣ ಕೇಳಿದರು. ಮೇಜಿನ ಕೆಳಗೆ ಕ್ಯಾಬಿನೆಟ್ಟಿಗೆಂದೇ ಮಾಡಿಸಿದ ಮರದ ಗೂಡಿದೆ, ಹಿಂದೆ ಹಲಗೆ ಬಡಿದಿದೆ ಎಂದಳು. ಅವರು ತಲೆಯಾಡಿಸಿದರು. ಬಿಟ್ಟ ಬಿಸಿಗಾಳಿ ಹಲಗೆಗೆ ಬಡಿದು ಸುತ್ತಿ ಮತ್ತೆ ಮುಂದಿನಿಂದಲೇ ಒಳಗೆ ಹೋಗುತ್ತದೆ ಎಂದು ಕೈಯಲ್ಲೇ ಸುತ್ತು ಹಾಕಿ ತೋರಿಸಿದರು.

ಮನೆ ಮುಟ್ಟಿದಾಗ ಸಂಜೆ ಏಳು. ನಾನು ಗೂಡಿನ ಹಿಂದಿನ ಹಲಗೆ ಬಿಚ್ಚಿದೆ. ಮೇಜನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆದೆವು. ಮಗಳು ರೆಂಡರಿಂಗ್ ಹಚ್ಚಿ ಗಂಟೆ ಬಿಟ್ಟು ನೋಡಿದಾಗ ಗ್ರಾಫಿಕ್ಸ್ ಕಾರ್ಡಿನ ಬಿಸಿ 83ರಿಂದ 72ಕ್ಕೆ ಇಳಿದಿತ್ತು. ಕೋಣೆಯಲ್ಲಿ ಸೀಲಿಂಗ್ ಫ್ಯಾನಿನ ಸದ್ದಷ್ಟೇ ಕೇಳುತ್ತಿತ್ತು.