ಹೈಫೈವ್ ಶುರು ಮಾಡಿದವನನ್ನು ಟೀಮ್ ಯಾಕೆ ಬಿಟ್ಟುಕೊಟ್ಟಿತು?

ಹಾಸ್ಟೆಲ್ ಗ್ರೌಂಡ್‌ನಲ್ಲಿ ವಿಕೆಟ್ ಬಿದ್ದ ತಕ್ಷಣ ನಾವು ಮೊದಲು ಮಾಡೋ ಕೆಲಸ ಏನು? ಓಡಿಬಂದು, ಕೈ ಎತ್ತಿ, ಪಟ್ ಅಂತ ಹೈಫೈವ್ ಕೊಡೋದು. ಆ ಹೊತ್ತಿನಲ್ಲಿ ಬ್ರಾಂಚ್ ಯಾವುದು, ಬ್ಯಾಕ್ ಎಷ್ಟಿದೆ ಅಂತ ಯಾರೂ ಕೇಳಲ್ಲ. ಆದರೆ ಈ ಹೈಫೈವ್ ಎಲ್ಲಿಂದ ಬಂತು ಅಂತ ಹುಡುಕಿದರೆ ಸಿಗೋ ಕಥೆ ಅಷ್ಟು ಖುಷಿಯದ್ದಲ್ಲ.

1977ರ ಅಕ್ಟೋಬರ್ 2. ಅಮೆರಿಕದ ಬೇಸ್‌ಬಾಲ್ ಲೀಗ್‌ನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಡಸ್ಟಿ ಬೇಕರ್ ಆ ಸೀಸನ್ನಿನ ತಮ್ಮ 30ನೇ ಹೋಮ್ ರನ್ ಹೊಡೆದು ವಾಪಸ್ ಬರುತ್ತಿದ್ದರು. ಹೋಮ್ ರನ್ ಅಂದ್ರೆ ಹೆಚ್ಚುಕಮ್ಮಿ ನಮ್ಮ ಸಿಕ್ಸರ್. ಮುಂದೆ ಬ್ಯಾಟಿಂಗಿಗೆ ಇಳಿಯಬೇಕಿದ್ದ ಗ್ಲೆನ್ ಬರ್ಕ್ ಖುಷಿಯಲ್ಲಿ ಕೈಯನ್ನು ತಲೆಗಿಂತ ಮೇಲೆ ಎತ್ತಿ ಹಿಡಿದರು. ಬೇಕರ್ ಹೋಗಿ ಆ ಕೈಗೆ ಹೊಡೆದರು. ಹೈಫೈವ್ ಹುಟ್ಟಿದ್ದು ಹೀಗೆ ಅನ್ನೋದು ಹೆಚ್ಚು ಚಾಲ್ತಿಯಲ್ಲಿರುವ ಕಥೆ.

ಗ್ಲೆನ್ ಬರ್ಕ್ ಗೇ ಆಗಿದ್ದರು. ಹೊರಗೆ ಹೇಳಿಕೊಂಡಿರಲಿಲ್ಲ, ಆದರೆ ತಂಡದಲ್ಲಿ ಕೆಲವರಿಗೆ ಗೊತ್ತಿತ್ತು. ಮದುವೆ ಆದರೆ ಹನಿಮೂನ್ ಖರ್ಚು ನಾವು ಕೊಡ್ತೀವಿ ಅಂತ ಮ್ಯಾನೇಜ್‌ಮೆಂಟ್ ಆಸೆ ತೋರಿಸಿತ್ತು ಎಂದು ಅವರು ಮುಂದೆ ಹೇಳಿಕೊಂಡರು. ಅವರು ಒಪ್ಪಲಿಲ್ಲ. 1978ರಲ್ಲಿ ತಂಡ ಅವರನ್ನು ಓಕ್ಲೆಂಡ್‌ಗೆ ಬಿಟ್ಟುಕೊಟ್ಟಿತು. ಅಲ್ಲಿಯೂ ನೆಮ್ಮದಿ ಸಿಗಲಿಲ್ಲ, ಮೊಣಕಾಲಿಗೆ ಗಾಯವೂ ಆಯಿತು. 1980ರಲ್ಲಿ, 27ನೇ ವಯಸ್ಸಿಗೆ, ಅವರ ಬೇಸ್‌ಬಾಲ್ ಮುಗಿದೇ ಹೋಯಿತು. 1982ರಲ್ಲಿ ತಾವು ಗೇ ಎಂದು ಬಹಿರಂಗವಾಗಿ ಹೇಳಿದರು. 1995ರಲ್ಲಿ ಏಡ್ಸ್‌ನಿಂದ ತೀರಿಕೊಂಡರು. ಡಾಡ್ಜರ್ಸ್ ತಂಡ ತನ್ನ ಸ್ಟೇಡಿಯಂಗೆ ಬರ್ಕ್ ಕುಟುಂಬದವರನ್ನು ಕರೆದು ಗೌರವಿಸಿದ್ದು 2022ರಲ್ಲಿ.

ಕೈ ಎತ್ತಿದವನು ಹೊರಗೆ, ಹೈಫೈವ್ ಮಾತ್ರ ಜಗತ್ತಿನ ಎಲ್ಲಾ ಗ್ರೌಂಡ್‌ನ ಒಳಗೆ. ಯಾಕೆ ಹೀಗಾಯ್ತು?

ಆಟದ ತಪ್ಪೇ?

"ಗೇ ಹುಡುಗರಿಗೆ ಸ್ಪೋರ್ಟ್ಸ್ ಎಲ್ಲ ಆಗಿಬರಲ್ಲ ಬಿಡು" ಅನ್ನೋ ಮಾತು ನಾವೆಲ್ಲ ಕೇಳಿದ್ದೇವೆ. ನಮ್ಮಲ್ಲೇ ಕೆಲವರು ಆಡಿಯೂ ಇದ್ದೇವೆ. ಆದರೆ ಉದಾಹರಣೆಗಳು ಬೇರೆಯೇ ಹೇಳುತ್ತವೆ. ಗ್ಯಾರೆತ್ ಥಾಮಸ್ ವೇಲ್ಸ್ ಪರ 100 ರಗ್ಬಿ ಪಂದ್ಯ ಆಡಿದ ಮೊದಲ ಆಟಗಾರ. ಮೈಮೇಲೆ ಬಿದ್ದು ಕೆಡವೋ ಆಟ ಅದು. 2009ರಲ್ಲಿ ಅವರು ತಾವು ಗೇ ಎಂದು ಹೇಳಿದರು. ಇಂಗ್ಲೆಂಡ್ ಕ್ರಿಕೆಟ್ ತಂಡದ ವಿಕೆಟ್ ಕೀಪರ್ ಸ್ಟೀವನ್ ಡೇವಿಸ್ ಮೊದಲು ತಂಡದವರಿಗೆ ಹೇಳಿ, 2011ರಲ್ಲಿ ಎಲ್ಲರಿಗೂ ಹೇಳಿದರು. ಆಮೇಲೂ ವರ್ಷಗಟ್ಟಲೆ ಕೌಂಟಿ ಕ್ರಿಕೆಟ್ ಆಡಿದರು.

ಮಹಿಳಾ ಕ್ರಿಕೆಟ್ ನೋಡಿ. ನ್ಯೂಜಿಲೆಂಡ್‌ನ ಏಮಿ ಸ್ಯಾಟರ್ತ್‌ವೇಟ್, ಲೀ ತಹುಹು ಮದುವೆಯಾದ ಜೋಡಿ. ಇಬ್ಬರೂ ಒಂದೇ ರಾಷ್ಟ್ರೀಯ ತಂಡಕ್ಕೆ ಆಡಿದರು. ಬ್ಯಾಟು ಅದೇ, ಬಾಲು ಅದೇ, ಎಲ್‌ಬಿಡಬ್ಲ್ಯೂ ನಿಯಮವೂ ಅದೇ. ಅಂದ್ರೆ ತೊಂದರೆ ಇರೋದು ಆಟದಲ್ಲಲ್ಲ, ಗಂಡಸರ ಟೀಮಿನ ವಾತಾವರಣದಲ್ಲಿ.

ಸ್ಟಾಪ್‌ವಾಚ್ ಮತ್ತು ಸೆಲೆಕ್ಷನ್

100 ಮೀಟರ್ ಓಟದಲ್ಲಿ ನಿಮ್ಮ ಟೈಮ್ ಹೇಳೋದು ಸ್ಟಾಪ್‌ವಾಚ್. ನೀವು ಯಾರನ್ನು ಪ್ರೀತಿಸ್ತೀರಿ ಅನ್ನೋದು ಅದಕ್ಕೆ ಬೇಕಿಲ್ಲ. ಟೀಮ್ ಆಟದಲ್ಲಿ ಹಾಗಲ್ಲ. ಕೋಚ್ ಆರಿಸಬೇಕು, ಕ್ಯಾಪ್ಟನ್ ಬಾಲ್ ಕೈಗೆ ಕೊಡಬೇಕು, ಪಕ್ಕದವನು ಪಾಸ್ ಮಾಡಬೇಕು. ಟೂರ್ ಹೋದರೆ ರೂಮ್ ಹಂಚಿಕೊಳ್ಳಬೇಕು. ಪ್ರತಿ ಹೆಜ್ಜೆಗೂ ಇನ್ನೊಬ್ಬರ ಒಪ್ಪಿಗೆ ಬೇಕು. ಇಷ್ಟು ಜನರಲ್ಲಿ ಒಬ್ಬನಿಗೆ ಇಷ್ಟ ಆಗದಿದ್ದರೂ ಜಾಗ ಹೋಗಬಹುದು ಅನ್ನೋ ಭಯ ಇದ್ದರೆ ಯಾರು ತಾನೇ ಬಾಯಿ ಬಿಡ್ತಾರೆ?

ಇಂಗ್ಲೆಂಡ್ ಫುಟ್‌ಬಾಲ್‌ನಲ್ಲಿ ಈ ಭಯ ಎಷ್ಟು ಗಟ್ಟಿಯಾಗಿತ್ತು ಅನ್ನೋದಕ್ಕೆ ಎರಡು ಇಸವಿ ಸಾಕು. 1981ರಲ್ಲಿ 10 ಲಕ್ಷ ಪೌಂಡ್‌ಗೆ ಕ್ಲಬ್ ಬದಲಾಯಿಸಿದ್ದ ಸ್ಟ್ರೈಕರ್ ಜಸ್ಟಿನ್ ಫಶಾನು ತಾವು ಗೇ ಎಂದು ಹೇಳಿದ್ದು 1990ರಲ್ಲಿ. ಅದಕ್ಕೆ ಸ್ಟ್ಯಾಂಡ್‌ಗಳಿಂದ ಬೈಗುಳ ತಿಂದರು. ಅವರ ನಂತರ ಬ್ರಿಟನ್ನಿನಲ್ಲಿ ಇನ್ನೂ ಆಡುತ್ತಿರುವಾಗಲೇ ಹಾಗೆ ಹೇಳಿದ ಪುರುಷ ವೃತ್ತಿಪರ ಫುಟ್‌ಬಾಲ್ ಆಟಗಾರ ಬ್ಲ್ಯಾಕ್‌ಪೂಲ್ ಕ್ಲಬ್ಬಿನ ಜೇಕ್ ಡೇನಿಯಲ್ಸ್. ವರ್ಷ 2022, ಅವರ ವಯಸ್ಸು 17. ನಮ್ಮ ಫಸ್ಟ್ ಸೆಮ್ ಹುಡುಗರ ವಯಸ್ಸು. ನಡುವೆ 32 ವರ್ಷ. ಆ 32 ವರ್ಷದಲ್ಲಿ ಅಲ್ಲಿ ಒಬ್ಬ ಗೇ ಆಟಗಾರನೂ ಇರಲಿಲ್ಲ ಅಂತ ನಂಬೋಕೆ ಆಗುತ್ತಾ?

ಫೀಡ್‌ಬ್ಯಾಕ್ ಇಲ್ಲದ ಸಿಸ್ಟಮ್

"ನಾವು ತಮಾಷೆಗೆ ಹೇಳೋದು ಮಗಾ, ಸೀರಿಯಸ್ ಆಗಿ ಅಲ್ಲ." ಕ್ಯಾಚ್ ಬಿಟ್ಟವನಿಗೆ "ಲೋ ಗೇ" ಅಂದಮೇಲೆ ಬರೋ ಸಮಜಾಯಿಷಿ ಇದೇ. ಬಹಳಷ್ಟು ಸಲ ಅದು ನಿಜವೂ ಹೌದು. ಹೇಳಿದವನಿಗೆ ದ್ವೇಷ ಇರಲ್ಲ, ಅದು ಬಾಯಿಗೆ ಬಂದ ಬೈಗುಳ ಅಷ್ಟೇ.

ಆದರೆ ಫೀಲ್ಡಿಂಗ್ ನಿಂತಿರೋ 11 ಜನರಲ್ಲಿ ಒಬ್ಬ ನಿಜವಾಗಿ ಗೇ ಆಗಿದ್ದರೆ? ತಮಾಷೆ ಯಾವುದು, ನಿಜವಾದ ತಿರಸ್ಕಾರ ಯಾವುದು ಅಂತ ಅವನಿಗೆ ಗೊತ್ತಾಗೋ ದಾರಿ ಇಲ್ಲ. ಪರೀಕ್ಷೆ ಮಾಡಿ ನೋಡೋಣ ಅಂದ್ರೆ ತನ್ನ ಗುಟ್ಟನ್ನೇ ಪಣಕ್ಕಿಡಬೇಕು. "ಹಾಗನ್ನಬೇಡ್ರೋ" ಅಂದರೆ "ನಿನಗ್ಯಾಕೆ ಉರಿ?" ಅನ್ನೋ ಪ್ರಶ್ನೆ ರೆಡಿ. ಹಾಗಾಗಿ ಅವನು ನಗ್ತಾನೆ, ಎಲ್ಲರಿಗಿಂತ ಸ್ವಲ್ಪ ಜೋರಾಗಿಯೇ. ಮುಂದಿನ ವಾರ ಅಸೈನ್‌ಮೆಂಟ್ ಇದೆ ಅಂತಾನೆ, ಅದರ ಮುಂದಿನ ವಾರ ಬರೋದೇ ಇಲ್ಲ.

ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಅರ್ಥವಾಗುತ್ತೆ. ಫೀಡ್‌ಬ್ಯಾಕ್ ಕಟ್ ಆದ ಸಿಸ್ಟಮ್‌ಗೆ ತನ್ನ ತಪ್ಪು ತನಗೇ ತಿಳಿಯಲ್ಲ. ಯಾರೂ ದೂರು ಕೊಟ್ಟಿಲ್ಲ, ಅಂದಮೇಲೆ ತೊಂದರೆಯೂ ಇಲ್ಲ, ಅಂಥವರೂ ನಮ್ಮಲ್ಲಿ ಇಲ್ಲ ಅಂದುಕೊಳ್ತೀವಿ. ಆ ಮೌನ ಬಂದಿದ್ದೇ ನಮ್ಮ ಮಾತಿನಿಂದ ಅನ್ನೋದು ಲೆಕ್ಕಕ್ಕೇ ಬರಲ್ಲ.

ತಾವೇ ಕಟ್ಟಿಕೊಂಡ ಗ್ರೌಂಡು

ಟೀಮ್ ಸಿಗದವರು ಆಟ ಬಿಡಲಿಲ್ಲ. 1968ರ ಒಲಿಂಪಿಕ್ಸ್ ಡೆಕಾಥ್ಲಾನ್‌ನಲ್ಲಿ 6ನೇ ಸ್ಥಾನ ಪಡೆದಿದ್ದ ಟಾಮ್ ವಾಡೆಲ್ ಮುಂದೆ ನಿಂತು 1982ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗೇ ಗೇಮ್ಸ್ ಶುರು ಮಾಡಿದರು. ಬರ್ಕ್ ಅಲ್ಲಿ ಓಡಿದರು. ಲಂಡನ್ನಿನಲ್ಲಿ 1991ರಲ್ಲಿ ಸ್ಟೋನ್‌ವಾಲ್ ಫುಟ್‌ಬಾಲ್ ಕ್ಲಬ್, 1995ರಲ್ಲಿ ಕಿಂಗ್ಸ್ ಕ್ರಾಸ್ ಸ್ಟೀಲರ್ಸ್ ರಗ್ಬಿ ಕ್ಲಬ್ ಹುಟ್ಟಿದವು. 2001ರ ಸೆಪ್ಟೆಂಬರ್ 11ರಂದು ಅಪಹರಣಕ್ಕೊಳಗಾದ ವಿಮಾನವೊಂದರಲ್ಲಿ ತೀರಿಕೊಂಡ ಗೇ ರಗ್ಬಿ ಆಟಗಾರ ಮಾರ್ಕ್ ಬಿಂಗಮ್ ಹೆಸರಿನಲ್ಲಿ 2002ರಿಂದ ಬಿಂಗಮ್ ಕಪ್ ನಡೆಯುತ್ತಿದೆ. ಆಟದ ಮೇಲೆ ಆಸೆ ಇಲ್ಲದವರು ಇಷ್ಟೆಲ್ಲ ಮಾಡ್ತಿರಲಿಲ್ಲ.

ನಮ್ಮ ಗ್ರೌಂಡ್‌ನಲ್ಲಿ

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ 377ನೇ ಸೆಕ್ಷನ್ ತೀರ್ಪಿನಲ್ಲಿ, ಒಪ್ಪಿಗೆಯಿರುವ ವಯಸ್ಕರ ನಡುವಿನ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ಅದಕ್ಕೂ ಮೊದಲೇ, 2016ರಲ್ಲಿ, ಯುಜಿಸಿ ರ‍್ಯಾಗಿಂಗ್ ತಡೆ ನಿಯಮಗಳಿಗೆ ತಿದ್ದುಪಡಿ ತಂದು, ಲೈಂಗಿಕ ಒಲವಿನ ಕಾರಣಕ್ಕೆ ವಿದ್ಯಾರ್ಥಿಯನ್ನು ಹಿಂಸಿಸುವುದು, ಗುಂಪಿನಿಂದ ದೂರ ಇಡುವುದೂ ರ‍್ಯಾಗಿಂಗ್ ಎಂದು ಸೇರಿಸಿದೆ. ಅಂದ್ರೆ ನಿಯಮ ಪುಸ್ತಕದಲ್ಲಿದೆ. ಆದರೆ ಸಂಜೆ 5 ಗಂಟೆಗೆ ಗ್ರೌಂಡ್‌ನಲ್ಲಿ ಪುಸ್ತಕ ಇರಲ್ಲ, ನಾವು ಇರ್ತೀವಿ.

ಯಾರು ಗೇ ಅಂತ ಹುಡುಕೋ ಕೆಲಸ ನಮ್ಮದಲ್ಲ. ಯಾರನ್ನೂ ಕೇಳಬೇಕಿಲ್ಲ, ಊಹೆ ಮಾಡಬೇಕಿಲ್ಲ. ಗೊತ್ತಾದರೆ ಇನ್ನೊಬ್ಬರಿಗೆ ಹೇಳಲೂಬೇಡಿ. ಮಾಡಬಹುದಾದ ಕೆಲಸ ತೀರಾ ಸಣ್ಣದು. ಕ್ಯಾಚ್ ಬಿಟ್ಟವನಿಗೆ ಬೈಯೋಕೆ ಕನ್ನಡದಲ್ಲಿ ಮಾತಿಗೇನು ಬರಗಾಲವೇ? ಆ ಒಂದು ಮಾತು ಬಿಡೋಣ. ಬೇರೆಯವರು ಅಂದಾಗ "ಆ ಮಾತು ಬೇಡ ಗುರೂ" ಅಂತ ಹೇಳೋಣ. ಹೇಳೋದರಿಂದ ಕಳೆದುಕೊಳ್ಳೋಕೆ ಏನೂ ಇಲ್ಲದವರೇ ಅದನ್ನು ಹೇಳಬೇಕು, ಯಾಕಂದ್ರೆ ಕಳೆದುಕೊಳ್ಳೋಕೆ ಇರುವವನು ಹೇಳಲಾರ.

ನಾಳೆ ವಿಕೆಟ್ ಬಿದ್ದಾಗ ಕೈ ಎತ್ತುತ್ತೀವಲ್ಲ, ಒಂದು ಕ್ಷಣ ಗ್ಲೆನ್ ಬರ್ಕ್ ನೆನಪಾಗಲಿ.