ಸಾಲ್ಫರ್ಡಿನಿಂದ ಹಾಸನಕ್ಕೆ ಬಂದ ಸರಪಳಿ

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯು ಚನ್ನರಾಯಪಟ್ಟಣವನ್ನು ದಾಟಿ, ಬಿ.ಎಂ. ರಸ್ತೆಯೆಂಬ ಹೆಸರಿನಿಂದ ಹಾಸನದ ಊರೊಳಗೆ ಪ್ರವೇಶಿಸುವ ಎಡೆಯಲ್ಲಾಗಲಿ, ಅಲ್ಲಿಂದ ದಕ್ಷಿಣಕ್ಕೆ ಕವಲೊಡೆದು ಹೊಳೆನರಸೀಪುರಕ್ಕೂ ಅರಕಲಗೂಡಿಗೂ ಸಾಗುವ ದಾರಿಗಳ ಬದಿಯಲ್ಲಾಗಲಿ, ತಗಡಿನ ಮಾಡಿನ ಗ್ಯಾರೇಜುಗಳ ಮುಂದೆ ಬಾನೆಟ್ಟನ್ನೆತ್ತಿ ನಿಲ್ಲಿಸಿದ ಹಳೆಯ ಕಾರುಗಳೂ, ಅವುಗಳ ಎಂಜಿನ್ನಿನ ಮುಂಭಾಗಕ್ಕೆ ಕಿವಿಗೊಟ್ಟು ನಿಂತ ಮೆಕ್ಯಾನಿಕ್ಕುಗಳೂ ಕಣ್ಣಿಗೆ ಬೀಳುವುದು ನಿತ್ಯದ ಸಂಗತಿ. "ಚೈನ್ ಸೌಂಡ್ ಬತ್ತಾ ಐತೆ ಅಣ್ಣಾ, ಈಗ್ಲೇ ಮಾಡಿಸ್ಕಳಿ" ಎಂದು ಅಲ್ಲಿ ಹೇಳುವ ಒಂದು ಮಾತಿನ ಹಿಂದೆ ಹೆಚ್ಚುಕಡಮೆ ಒಂದೂವರೆ ಶತಮಾನದ ಯಂತ್ರೇತಿಹಾಸವಿದೆ. ಆ ಇತಿಹಾಸವನ್ನು ಬಲ್ಲವನು ಆ ಮಾತನ್ನು ಖರ್ಚಿಗೆ ಹೂಡಿದ ನೆಪವೆಂದು ತಳ್ಳಿಹಾಕಲಾರನು.

ಎಂಜಿನ್ನಿನೊಳಗೆ ಪಿಸ್ಟನ್ನುಗಳ ಏರಿಳಿತವನ್ನು ಭ್ರಮಣವಾಗಿ ಮಾರ್ಪಡಿಸುವ ಕ್ರ್ಯಾಂಕ್ ಷಾಫ್ಟ್ ಒಂದಾದರೆ, ಗಾಳಿ ಇಂಧನಗಳನ್ನು ಒಳಗೆ ಬಿಡುವ ಹಾಗೂ ಹೊಗೆಯನ್ನು ಹೊರಗೆ ಕಳುಹಿಸುವ ವಾಲ್ವುಗಳನ್ನು ತೆರೆದು ಮುಚ್ಚಿಸುವ ಕ್ಯಾಮ್ ಷಾಫ್ಟ್ ಇನ್ನೊಂದು. ನಾಲ್ಕು ಹೊಡೆತಗಳ ಎಂಜಿನ್ನಿನಲ್ಲಿ ಮೊದಲನೆಯದು ಎರಡು ಸುತ್ತು ಬರುವಷ್ಟರಲ್ಲಿ ಎರಡನೆಯದು ತಪ್ಪದೆ ಒಂದೇ ಸುತ್ತು ಬರಬೇಕು. ಆದುದರಿಂದಲೇ ಮೇಲಿನ ಹಲ್ಲುಚಕ್ರಕ್ಕೆ ಕೆಳಗಿನದರ ಇಮ್ಮಡಿ ಹಲ್ಲುಗಳು. ಈ ಎರಡರ ನಡುವಣ ಕಾಲನಿಯಮವನ್ನು ಕಾಯುವುದು ಟೈಮಿಂಗ್ ಚೈನ್. ಆ ಚೈನು ಜೋಲು ಬೀಳದಂತೆ ಬದಿಯಿಂದ ಒತ್ತಿ ಹಿಡಿಯುವುದು ಟೆನ್ಷನರ್.

ಈ ಚೈನಿನ ಮೂಲವನ್ನು ಹುಡುಕುತ್ತ ಹೋದರೆ ನಾವು ಮೋಟಾರು ಕಾರಿನ ಕಾಲಕ್ಕಿಂತ ಹಿಂದಕ್ಕೆ, ಇಂಗ್ಲೆಂಡಿನ ಮ್ಯಾಂಚೆಸ್ಟರಿನ ನೆರೆಯ ಸಾಲ್ಫರ್ಡನ್ನು ಮುಟ್ಟುತ್ತೇವೆ. ಸ್ವಿಟ್ಸರ್ಲೆಂಡಿನಲ್ಲಿ ಹುಟ್ಟಿ ಮ್ಯಾಂಚೆಸ್ಟರಿಗೆ ಬಂದು ನೆಲಸಿದ ಹ್ಯಾನ್ಸ್ ರೆನಾಲ್ಡ್ ಎಂಬ ಯಂತ್ರಶಿಲ್ಪಿಯು 1879ರಲ್ಲಿ ಸಾಲ್ಫರ್ಡಿನಲ್ಲಿದ್ದ ಜೇಮ್ಸ್ ಸ್ಲೇಟರನ ಸಣ್ಣದೊಂದು ಸರಪಳಿಯ ಉದ್ಯಮವನ್ನು ಕೊಂಡುಕೊಂಡು, ಮರುವರ್ಷವೇ ಬುಷ್ ರೋಲರ್ ಚೈನನ್ನು ನಿರ್ಮಿಸಿದನು. ಅದಕ್ಕೆ ಮುಂಚಿನ ಸರಪಳಿಗಳಲ್ಲಿ ಕೊಂಡಿಯ ತೆಳುವಾದ ತಗಡಿನ ಅಂಚೇ ಪಿನ್ನಿನ ಮೇಲೆ ಕೂತು ಉಜ್ಜುತ್ತಿದ್ದುದರಿಂದ ಎರಡೂ ಬೇಗನೆ ಸವೆದುಹೋಗುತ್ತಿದ್ದವು. ರೆನಾಲ್ಡನು ಪಿನ್ನಿಗೊಂದು ಕೊಳವೆಯಾಕಾರದ ಬುಷ್ಷನ್ನು ತೊಡಿಸಿ, ಭಾರವೆಲ್ಲವೂ ಅದರ ಪೂರ್ತಿ ಅಗಲದ ಮೇಲೆ ಹರಡುವಂತೆ ಮಾಡಿದನು. ಬಟ್ಟೆಯ ಗಿರಣಿಗಳಿಗೂ ಸೈಕಲ್ಲುಗಳಿಗೂ ಒದಗಿದ ಈ ಉಪಾಯವೇ ಅನಂತರ ಕಾರಿನ ಎಂಜಿನ್ನಿನ ಒಳಹೊಕ್ಕಿತು. ಇಂದು ಅರಕಲಗೂಡಿನ ಗ್ಯಾರೇಜಿನಲ್ಲಿ ಬಿಚ್ಚಿ ಗೋಣಿತಾಟಿನ ಮೇಲಿಟ್ಟ ರೋಲರ್ ಚೈನನ್ನು ಪರಿಶೀಲಿಸಿದರೂ ಅದೇ ಪಿನ್ನು, ಅದೇ ಬುಷ್ಷು. ನೂರನಲವತ್ತು ವರ್ಷಗಳಾಚೆಗಿನ ಕಲ್ಪನೆಯೊಂದು ಇಷ್ಟು ಅವಿಕೃತವಾಗಿ ಬದುಕಿ ಬಂದ ನಿದರ್ಶನಗಳು ಯಂತ್ರಲೋಕದಲ್ಲಿ ಬಹಳವಿಲ್ಲ.

ನಮ್ಮ ಸೀಮೆಗೆ ಅದನ್ನು ಹೊತ್ತು ತಂದದ್ದು ಮುಖ್ಯವಾಗಿ ಅಂಬಾಸಡರ್ ಕಾರು. ಮಾರಿಸ್ ಆಕ್ಸ್‌ಫರ್ಡಿನ ಮೂರನೆಯ ಸರಣಿಯನ್ನು ಆಧಾರವಾಗಿಟ್ಟುಕೊಂಡು ಹಿಂದೂಸ್ತಾನ್ ಮೋಟಾರ್ಸಿನವರು ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಲ್ಲಿ ಆರಂಭಿಸಿದ ಈ ಕಾರಿಗೆ ಸ್ವಲ್ಪಕಾಲದಲ್ಲಿಯೇ 1489 ಸಿ.ಸಿ.ಯ ಬಿ ಸರಣಿಯ ಎಂಜಿನ್ ಬಂತು. ಅತ್ತ ಬೊಂಬಾಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯೆಟ್ಟಿನ, ಮುಂದೆ ಪದ್ಮಿನಿಯೆಂದು ಹೆಸರು ತಾಳಿದ ಆ ಕಾರಿನ 1089 ಸಿ.ಸಿ.ಯ ಎಂಜಿನ್ನಿಗೂ ಚೈನೇ ಆಧಾರ. ಮಲೆನಾಡಿನ ಎಸ್ಟೇಟುಗಳ ದಾರಿಯನ್ನು ಹತ್ತುತ್ತಿದ್ದ ಜೀಪಿನ ಕಥೆ ಬೇರೆ: ಯುದ್ಧಕಾಲದ ವಿಲ್ಲಿಸ್ ಜೀಪಿನಲ್ಲಿ ಚೈನಿದ್ದರೂ ಯುದ್ಧಾನಂತರ ಅದನ್ನು ತೆಗೆದು ಗೇರುಗಳನ್ನೇ ಹಾಕಿದರು. 1967ರಲ್ಲಿ ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ ನಡೆದಾಗ ದೇಶದಲ್ಲಿ ಕೊಳ್ಳಲು ಸಿಗುತ್ತಿದ್ದ ಕಾರುಗಳೆಂದರೆ ಅಂಬಾಸಡರ್, ಫಿಯೆಟ್, ಸ್ಟ್ಯಾಂಡರ್ಡ್ ಈ ಮೂರೇ ಮನೆತನದವು. ಚನ್ನರಾಯಪಟ್ಟಣದ ದಾರಿಯಲ್ಲಿ ಅಂದು ಧೂಳೆಬ್ಬಿಸಿದ ಬಾಡಿಗೆ ಕಾರುಗಳ ಎಂಜಿನ್ನುಗಳಲ್ಲಿ ಈ ಸರಪಳಿ ಎಷ್ಟು ಸುತ್ತಿತೆಂಬುದನ್ನು ಊಹಿಸಿಕೊಳ್ಳಬಹುದು.

ಬಿ ಸರಣಿಯ ಎಂಜಿನ್ನಿನ ಟೆನ್ಷನರಿನ ವಿಷಯದಲ್ಲಿ ನನಗೆ ವಿಶೇಷವಾದ ಗೌರವವಿದೆ. ರಬ್ಬರಿನ ಮುಖವುಳ್ಳ ಒಂದು ಚಿಕ್ಕ ಪಾದ. ಅದರ ಬೆನ್ನಿಗೊಂದು ಸ್ಪ್ರಿಂಗು. ಎಂಜಿನ್ನಿನ ಆಯಿಲ್ಲೇ ಒತ್ತಡದಿಂದ ನುಗ್ಗಿ ಆ ಪಾದವನ್ನು ಚೈನಿನ ಮೇಲೆ ಒರಗಿಸುವ ಏರ್ಪಾಟು. ಚೈನು ಸವೆದಷ್ಟೂ ಪಾದವು ಮುಂದಕ್ಕೆ ಬರುವಂತೆಯೂ, ಬಂದದ್ದು ಮತ್ತೆ ಹಿಂದಕ್ಕೆ ಸರಿಯದಂತೆಯೂ ಒಳಗೆ ಕೊರೆದ ಸುರುಳಿಯಾಕಾರದ ಹಲ್ಲುಗಳುಳ್ಳ ತೋಡು. ಇದನ್ನು ಬಿಚ್ಚುವ ಕ್ರಮವೂ ಅಷ್ಟೇ ಸೊಗಸಾದದ್ದು. ರೇಡಿಯೇಟರನ್ನು ಇಳಿಸಿ, ಕ್ರ್ಯಾಂಕಿನ ಪುಲ್ಲಿಯನ್ನು ತೆಗೆದು, ಮುಂದಿನ ಕವರನ್ನು ಬಿಚ್ಚಿದ ಮೇಲೆ ಟೆನ್ಷನರಿನ ಬುಡದ ಪ್ಲಗ್ಗನ್ನು ಕಳಚಿ, ಆ ರಂಧ್ರದಲ್ಲಿ ಸಣ್ಣ ಅಲೆನ್ ಕೀಯನ್ನು ತೂರಿಸಿ ಬಲಕ್ಕೆ ತಿರುಗಿಸಿದರೆ ಪಾದವು ತಾನಾಗಿ ಒಳಕ್ಕೆ ಸರಿದು ನಿಲ್ಲುತ್ತದೆ. ಹೊಸ ಚೈನನ್ನು ಎರಡು ಹಲ್ಲುಚಕ್ರಗಳೊಡನೆ ಒಟ್ಟಿಗೇ ಏರಿಸುವಾಗ, ಚಕ್ರಗಳ ಮೇಲಿನ ಚುಕ್ಕೆಗಳೆರಡೂ ಒಂದಕ್ಕೊಂದು ಎದುರಾಗಿ ಒಂದೇ ರೇಖೆಯಲ್ಲಿ ಬರಬೇಕು. ಪುಲ್ಲಿಯ ಹಿಂದೆ ಕೂರುವ ಆಯಿಲ್ ತಡೆಯುವ ಬಿಲ್ಲೆಯ ಮೇಲೆ 'ಎಫ್' ಎಂಬ ಗುರುತಿರುತ್ತದೆ. ಆ ಮುಖವು ಹೊರಕ್ಕೆ ಇರತಕ್ಕದ್ದು. ಇಷ್ಟು ಸಣ್ಣ ಅಕ್ಷರವನ್ನು ಗಮನಿಸದೆ ಬಿಲ್ಲೆಯನ್ನು ಮಗುಚಿ ಹಾಕಿದರೆ ಹೊಸ ಆಯಿಲ್ ಸೀಲಿನಿಂದಲೂ ಆಯಿಲ್ ತೊಟ್ಟಿಕ್ಕತೊಡಗುತ್ತದೆ.

ಚೈನು "ಉದ್ದವಾಯಿತು" ಎಂದು ಎಲ್ಲರೂ ಹೇಳುತ್ತಾರೆ. ವಸ್ತುತಃ ಉಕ್ಕು ಹಿಗ್ಗುವುದಿಲ್ಲ. ಪಿನ್ನೂ ಬುಷ್ಷೂ ಪರಸ್ಪರ ಉಜ್ಜಿ ಸವೆಯುತ್ತವೆ. ನೂರು ಕೊಂಡಿಗಳ ಚೈನೊಂದರಲ್ಲಿ ಕೊಂಡಿಗೆ 0.05 ಮಿ.ಮೀ.ನಷ್ಟು, ಎಂದರೆ ಉಗುರಿಗೆ ಹತ್ತದಷ್ಟು, ಸವೆತವಾದರೆ ಒಟ್ಟಿನಲ್ಲಿ 5 ಮಿ.ಮೀ. ಸಡಿಲವೇರ್ಪಡುತ್ತದೆ. ಆಗ ಕ್ಯಾಮ್ ಷಾಫ್ಟು ಕ್ರ್ಯಾಂಕಿಗಿಂತ ಹಿಂದೆ ಬೀಳುತ್ತದೆ. ವಾಲ್ವುಗಳು ತಡವಾಗಿ ತೆರೆದು ತಡವಾಗಿ ಮುಚ್ಚಿಕೊಳ್ಳುತ್ತವೆ. ನಿಧಾನಗತಿಯ ಎಳೆತ ಕುಗ್ಗುತ್ತದೆ. ಹಾಸನದ ಸಮತಟ್ಟಾದ ಬೀದಿಯಲ್ಲಿ ಅರಿವಿಗೆ ಬಾರದ ಈ ದೌರ್ಬಲ್ಯವು, ಧರ್ಮಸ್ಥಳದಿಂದ ಹಿಂದಿರುಗುತ್ತ ತುಂಬಿದ ಕಾರಿನಲ್ಲಿ ಶಿರಾಡಿ ಘಾಟಿಯನ್ನು ಹತ್ತುವಾಗ ಪ್ರಕಟವಾಗುತ್ತದೆ. "ಪಿಕಪ್ ಇಲ್ಲ" ಎಂದು ದೂರು ಹೇಳುತ್ತ ಬರುವ ಗಿರಾಕಿಯ ಕಾರಿನಲ್ಲಿ ಅನುಭವಿಯಾದ ಮೆಕ್ಯಾನಿಕ್ಕು ಮೊದಲು ಚೈನಿನ ಸದ್ದನ್ನು ಕೇಳಿಸಿಕೊಳ್ಳುವುದು ಈ ಕಾರಣದಿಂದ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಈ ಪರಂಪರೆಗೆ ತಡೆಯುಂಟಾಯಿತು. ಆ ಪುಟ್ಟ ಎಂಜಿನ್ನಿನಲ್ಲಿ ಚೈನಿನ ಸ್ಥಾನದಲ್ಲಿ ಹಲ್ಲುಗಳುಳ್ಳ ರಬ್ಬರಿನ ಬೆಲ್ಟಿತ್ತು. ಜರ್ಮನಿಯ ಗ್ಲಾಸ್ ಎಂಬ ಕಂಪನಿ 1960ರ ದಶಕದ ಆದಿಯಲ್ಲಿ ಮಾರಾಟದ ಕಾರುಗಳಿಗೆ ತಂದ ಈ ಬೆಲ್ಟು ಹಗುರ, ನಿಶ್ಶಬ್ದ, ಅಗ್ಗ, ಆಯಿಲ್ಲಿನ ಹಂಗಿಲ್ಲದ್ದು. ಆದರೆ ಅದು ಮುನ್ಸೂಚನೆ ಕೊಡದೆ ಹರಿಯುವಂಥದು.

ಹೀಗೆ ಮರೆಗೆ ಸರಿಯುತ್ತಿದ್ದ ಚೈನು 2007ರಲ್ಲಿ ಸ್ವಿಫ್ಟ್ ಡೀಸೆಲ್ಲಿನೊಡನೆ ನಮ್ಮ ಜಿಲ್ಲೆಗೆ ಹಿಂದಿರುಗಿತು. ಫಿಯೆಟ್ ಮೂಲದ 1248 ಸಿ.ಸಿ.ಯ, ಹದಿನಾರು ವಾಲ್ವುಗಳ ಮಲ್ಟಿಜೆಟ್ ಎಂಜಿನ್ ಅದು. ಅನಂತರ ಡಿಸೈರ್, ರಿಟ್ಜ್, ಇಂಡಿಕಾ ವಿಸ್ಟಾ ಮೊದಲಾದ ಎಷ್ಟೋ ಕಾರುಗಳನ್ನು ಅದೇ ನಡೆಸಿತು. 2020ರ ಏಪ್ರಿಲ್‌ನಲ್ಲಿ ಹೊಗೆ ಮಾಲಿನ್ಯದ ಬಿ.ಎಸ್. 6 ನಿಯಮ ಜಾರಿಗೆ ಬರುವಾಗ ಮಾರುತಿಯವರು ಅದನ್ನು ಕೈಬಿಟ್ಟರು. ಆದರೆ ಮಾರಾಟವಾದ ಕಾರುಗಳು ಹಾಸನದ ಟ್ಯಾಕ್ಸಿ ನಿಲ್ದಾಣದಲ್ಲಿ, ಹೊಳೆನರಸೀಪುರದ ತೆಂಗಿನ ತೋಟಗಳ ಅಂಗಳದಲ್ಲಿ, ರಾಮನಾಥಪುರದ ಹೊಗೆಸೊಪ್ಪಿನ ಹರಾಜು ಕಟ್ಟೆಯ ಹೊರಗೆ ಈಗಲೂ ದುಡಿಯುತ್ತಿವೆ. ಹಳೆಯ ಕಾರಿನ ಚೈನು ಬದಲಿಸುವ ಕೆಲಸವೆಂದರೆ ಈಗ ನಮ್ಮಲ್ಲಿ ಬಹುಮಟ್ಟಿಗೆ ಈ ಎಂಜಿನ್ನಿನ ಕೆಲಸವೇ.

ಇದರ ಚೈನು ಎಂಜಿನ್ನಿನ ಆಯುಷ್ಯವಿರುವ ಪರ್ಯಂತ ಬಾಳುತ್ತದೆಂಬ ನಂಬಿಕೆಯೊಂದು ಮಾರಾಟದ ಕಾಲದಲ್ಲಿ ಪ್ರಚಾರವಾಯಿತು. ಅದು ಪೂರ್ತಿ ಸುಳ್ಳಲ್ಲ. ಆದರೆ ಆ ಆಯುಷ್ಯವು ಆಯಿಲ್ಲಿನ ಕೈಯಲ್ಲಿದೆಯೆಂಬುದನ್ನು ಯಾರೂ ಒತ್ತಿ ಹೇಳಲಿಲ್ಲ. ಡೀಸೆಲ್ ಉರಿದಾಗ ಹುಟ್ಟುವ ಮಸಿಯು ಆಯಿಲ್ಲಿಗೆ ಸೇರಿ, ಪಿನ್ನು ಬುಷ್ಷುಗಳ ನಡುವೆ ನುಸುಳಿ, ಸಾಣೆಯ ಪುಡಿಯಂತೆ ಲೋಹವನ್ನು ತೇಯುತ್ತದೆ. ಟೆನ್ಷನರಿಗೆ ಪ್ರಾಣವಾದ ಒತ್ತಡವೂ ಅದೇ ಆಯಿಲ್ಲಿನದು. ಆಯಿಲ್ ಕೆಟ್ಟು ಜಿಡ್ಡುಗಟ್ಟಿದರೆ ಟೆನ್ಷನರಿನ ಸಣ್ಣ ದ್ವಾರಗಳು ಕಟ್ಟಿಕೊಳ್ಳುತ್ತವೆ. ತೋಟಕ್ಕೂ ಮನೆಗೂ ನಡುವೆ ದಿನಕ್ಕೆ ನಾಲ್ಕಾರು ಬಾರಿ ಓಡಿ, ಎಂಜಿನ್ ಪೂರಾ ಬಿಸಿಯೇರುವ ಮುನ್ನವೇ ನಿಲ್ಲುವ ಕಾರಿನ ಆಯಿಲ್ಲು, ಬೆಂಗಳೂರಿನವರೆಗೆ ಒಂದೇ ಸಮನೆ ಓಡುವ ಕಾರಿನದಕ್ಕಿಂತ ಬೇಗ ಕೆಡುತ್ತದೆ. ಆದುದರಿಂದ ಇಂಥ ಮಾಲೀಕರು ಕಿಲೋಮೀಟರಿನ ಅಂಕಿಯನ್ನು ಕಾಯದೆ ತಿಂಗಳುಗಳನ್ನು ಎಣಿಸಿ ಆಯಿಲ್ ಬದಲಿಸುವುದೇ ವಿವೇಕ.

ಕಾರಿನೊಳಗೆ ಅಡ್ಡಲಾಗಿ ಕೂತಿರುವ ಈ ಎಂಜಿನ್ನಿನ ಚೈನನ್ನು ಮುಟ್ಟುವುದು ಅಂಬಾಸಡರಿನಷ್ಟು ಸುಲಭವಲ್ಲ. ಕೆಳಗಿನಿಂದ ಜಾಕಿಯ ಆಸರೆ ಕೊಟ್ಟು, ಮೌಂಟಿಂಗ್ ಬಿಚ್ಚಿ, ಪುಲ್ಲಿ ತೆಗೆದು, ಸಂಪ್ ಇಳಿಸಿ, ಕವರು ಕಳಚಬೇಕು. ಅದಕ್ಕೂ ಮೊದಲು ಫ್ಲೈವ್ಹೀಲಿಗೂ ಕ್ಯಾಮ್ ಷಾಫ್ಟುಗಳಿಗೂ ಲಾಕಿಂಗ್ ಪಿನ್ನುಗಳನ್ನು ತೂರಿಸಿ ಎಂಜಿನ್ನನ್ನು ಅದರ ಸ್ಥಾನದಲ್ಲಿಯೇ ಬಂಧಿಸಿಡಬೇಕು. ಪಿನ್ನುಗಳಿಲ್ಲದೆ ಪೇಂಟಿನ ಗುರುತು ಹಾಕಿಕೊಂಡು ಕೆಲಸ ಮುಗಿಸುವವರೂ ಇದ್ದಾರೆ. ಆ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಸವೆದ ಚೈನಿನ ಮೇಲೆ ಹಾಕಿದ ಗುರುತು ಸವೆತದ ತಪ್ಪನ್ನೂ ಸೇರಿಸಿಕೊಂಡೇ ಹೊಸ ಚೈನಿಗೆ ಬರುತ್ತದೆ. ಹಲ್ಲು ತಪ್ಪಿದರಂತೂ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗಲೂಬಹುದು. ಬಾಗಿದವೆಂದರೆ ಅಲ್ಲಿಗೆ ಸಿಲಿಂಡರ್ ಹೆಡ್ಡನ್ನೇ ಇಳಿಸುವ ಕೆಲಸವಾಯಿತು. ಕವರನ್ನು ಮುಚ್ಚುವ ಮುನ್ನ ಪಿನ್ನುಗಳನ್ನು ತೆಗೆದು, ಕೈಯಿಂದಲೇ ಕ್ರ್ಯಾಂಕನ್ನು ಪೂರ್ತಿ ಎರಡು ಸುತ್ತು ತಿರುಗಿಸಿ, ಪಿನ್ನುಗಳು ಮತ್ತೆ ಸಲೀಸಾಗಿ ಕೂರುತ್ತವೆಯೇ ಎಂದು ನೋಡುವ ಮೆಕ್ಯಾನಿಕ್ಕನ್ನು ಕಂಡರೆ ನಿಶ್ಚಿಂತೆಯಿಂದ ಕಾರನ್ನು ಒಪ್ಪಿಸಬಹುದು.

ಬಿಡಿಭಾಗಗಳ ವಿಷಯದಲ್ಲಿ ಇನ್ನೊಂದು ಮಾತು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಸ್ಸಿನ ಪಾರ್ಸಲಿನಲ್ಲಿ ಬರುವ ಚೈನ್ ಕಿಟ್ಟಿನಲ್ಲಿ ಚೈನಿನ ಜೊತೆಗೆ ಟೆನ್ಷನರ್, ಚೈನನ್ನು ದಾರಿ ತಪ್ಪದಂತೆ ಹಿಡಿಯುವ ಗೈಡುಗಳು, ಹಲ್ಲುಚಕ್ರಗಳು ಎಲ್ಲವೂ ಇರಬೇಕು. ಹಣ ಉಳಿಸಲೆಂದು ಚೈನನ್ನು ಮಾತ್ರ ಹಾಕಿಸುವುದುಂಟು. ಹಳೆಯ ಚಕ್ರದ ಹಲ್ಲು ಹಳೆಯ ಚೈನಿನ ಸವೆತಕ್ಕೆ ತಕ್ಕಂತೆ ಕೊಕ್ಕೆಯಾಗಿರುತ್ತದೆ. ಅದು ಹೊಸ ಚೈನನ್ನು ಬಹುಬೇಗ ತನ್ನ ದಾರಿಗೆ ಎಳೆದುಕೊಳ್ಳುತ್ತದೆ. ಬಿಚ್ಚಿ ಜೋಡಿಸುವ ಕೂಲಿಯೇ ಹೆಚ್ಚಾಗಿರುವ ಕೆಲಸದಲ್ಲಿ ಇಂಥ ಉಳಿತಾಯವು ಎರಡನೆಯ ಸಲದ ಕೂಲಿಗೆ ದಾರಿಮಾಡುವುದಲ್ಲದೆ ಮತ್ತೇನನ್ನೂ ಮಾಡದು.

ಹಳೆಯ ಸ್ವಿಫ್ಟನ್ನೋ ಡಿಸೈರನ್ನೋ ಕೊಳ್ಳಲು ಹೊರಟಿರುವ ಓದುಗರು ಮಧ್ಯಾಹ್ನ ಹೋಗಿ, ಆಗಲೇ ಓಡಿಸಿ ಬಿಸಿಮಾಡಿಟ್ಟ ಎಂಜಿನ್ನಿನ ಸದ್ದನ್ನು ಕೇಳಿ ಒಪ್ಪಿಕೊಳ್ಳಬಾರದು. ರಾತ್ರಿಯೆಲ್ಲ ನಿಂತ ಕಾರನ್ನು ಬೆಳಗ್ಗೆ ತಮ್ಮೆದುರಿನಲ್ಲಿಯೇ ಚಾಲೂ ಮಾಡಿಸಬೇಕು. ಆಯಿಲ್ಲಿನ ಒತ್ತಡ ಏರುವವರೆಗೆ ಒಂದೆರಡು ಸೆಕೆಂಡು ಕಟಕಟ ಸದ್ದಾಗಿ ನಿಂತರೆ ಟೆನ್ಷನರನ್ನೂ ಆಯಿಲ್ಲನ್ನೂ ಪರೀಕ್ಷೆ ಮಾಡಿಸಿ. ಸದ್ದು ನಿಲ್ಲದೆ ಮುಂದುವರಿದರೆ ಪೂರಾ ಚೈನ್ ಕಿಟ್ಟಿನ ಬೆಲೆಯನ್ನೂ ಕೂಲಿಯನ್ನೂ ಕಾರಿನ ಬೆಲೆಯಲ್ಲಿ ಕಳೆದ ಮೇಲೆಯೇ ಮುಂಗಡ ಕೊಡಿ.