ಡಿಶ್ ವಯರಿನ ಸಿಪ್ಪೆ ಸುಲಿಯಲು ಎಂಥ ಹತಾರ ಬೇಕು?

ಟಿ.ವಿ. ಚಿತ್ರ ನಿಂತರೆ ನಾವು ಮೊದಲು ಬೈಯುವುದು ಮೋಡಕ್ಕೆ. ಆಮೇಲೆ ಡಿಶ್‌ಗೆ, ಆಮೇಲೆ ಬಾಕ್ಸಿಗೆ. ವಯರಿನ ತುದಿಗೆ ಸಿಕ್ಕಿಸಿದ ಪಿನ್ನನ್ನು ಬಿಚ್ಚಿ ನೋಡುವವರು ಕಡಿಮೆ. ರೋಗ ಬಹಳ ಸಲ ಅಲ್ಲೇ ಇರುತ್ತದೆ. ಪಿನ್ ಕೆಟ್ಟಿರುವುದಿಲ್ಲ, ಪಿನ್ ಹಾಕುವ ಮುಂಚೆ ವಯರಿನ ಸಿಪ್ಪೆ ತೆಗೆದ ರೀತಿ ಕೆಟ್ಟಿರುತ್ತದೆ.

ಡಿಶ್ ನಮ್ಮ ಒಣಭೂಮಿಗೆ ಹೊಸದೇನಲ್ಲ. 1975ರ ಆಗಸ್ಟಿನಿಂದ 1976ರ ಜುಲೈ ತನಕ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ತೋರಿಸುವ 'ಸೈಟ್' ಎಂಬ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಯ ಹಳ್ಳಿಗಳೂ ಇದ್ದವು. ಆಗಿನ ಡಿಶ್ ಕೋಳಿಗೂಡಿನ ಜಾಲರಿಯಿಂದ ಮಾಡಿದ್ದು, ಹತ್ತು ಅಡಿ ಅಗಲ. ಈಗ ಹೊಲದ ಮನೆಯ ಮೇಲೂ ಪುಟ್ಟ ಡಿಶ್ ಇದೆ. 2004ರ ಡಿಸೆಂಬರಿನಲ್ಲಿ ಶುರುವಾದ ದೂರದರ್ಶನದ ಪುಕ್ಕಟೆ ಡಿಶ್‌ಗೆ ತಿಂಗಳ ಬಾಡಿಗೆಯೂ ಇಲ್ಲ. ಜೊತೆಗೆ ಬೋರಿನ ಹತ್ತಿರ ಕ್ಯಾಮೆರಾ ಬಂದಿದೆ. ಎರಡಕ್ಕೂ ಒಂದೇ ಜಾತಿಯ ವಯರು. ಹಾಗಾಗಿ ಇದು ಪೇಟೆಯವರ ವಿದ್ಯೆ ಎಂದು ಬಿಟ್ಟರೆ ನಡೆಯುವುದಿಲ್ಲ.

ನಮ್ಮ ಊರಲ್ಲಿ ನಡೆದದ್ದು ಹೇಳುತ್ತೇನೆ. ಪಕ್ಕದ ಹೊಲದವರು ಸ್ಟಾರ್ಟರ್ ಕಳುವಾದ ಮೇಲೆ ಕ್ಯಾಮೆರಾ ಹಾಕಿಸಿದರು. ಪೇಟೆಯಿಂದ ಬಂದ ಹುಡುಗರು ಶೇವಿಂಗ್ ಬ್ಲೇಡಿನಲ್ಲಿ ವಯರು ಕೊಯ್ದು ಪಿನ್ ಹಾಕಿ ಹೋದರು. ಮೂರು ತಿಂಗಳು ಚಿತ್ರ ಚೆನ್ನಾಗಿ ಬಂತು. ಒಂದು ರಾತ್ರಿ ಬೋರಿನ ಮೇಲಿನ ಅರವತ್ತು ಮೀಟರ್ ಮೋಟರ್ ಕೇಬಲ್ ಹೋಯಿತು. ಬೆಳಿಗ್ಗೆ ನೋಡಿದರೆ ರೆಕಾರ್ಡಿನಲ್ಲಿ ಬರೀ ಕಪ್ಪು. "ಕಾಕಾ, ಕ್ಯಾಮೆರಾ ಐತಿ ಅಂತ ನಂಬಿ ಮಲಗಿದ್ವಿ, ಅದೂ ಮಲಗಿತ್ತು ನೋಡ್ರಿ" ಅಂದ ಅವರ ಮಗ. ಪಿನ್ ಕಿತ್ತು ನೋಡಿದೆವು. ಸಿಪ್ಪೆ ಕೊಯ್ಯುವಾಗಲೇ ಒಳಗಿನ ಜಾಲರಿಯ ಎಳೆಗಳು ಬಹಳಷ್ಟು ಕಡಿದುಹೋಗಿದ್ದವು. ಉಳಿದ ನಾಲ್ಕೈದು ಎಳೆ ಗಾಳಿಗೆ ಅಲ್ಲಾಡಿ ತುಂಡಾಗಿದ್ದವು. ಸರಿಯಾದ ಹತಾರ ಇದ್ದಿದ್ದರೆ ಎರಡು ನಿಮಿಷದ ಕೆಲಸ ಅದು.

ವಯರಿನ ಒಳಗೆ ಏನಿದೆ?

ಗೋವಿನಜೋಳದ ತೆನೆ ನೆನೆಸಿಕೊಳ್ಳಿ. ಮೇಲೆ ಸಿಪ್ಪೆ, ಅದರ ಕೆಳಗೆ ರೇಷ್ಮೆ, ಆಮೇಲೆ ಕಾಳು, ನಡುವೆ ಬೆಂಡು. ಈ ವಯರೂ ಹಾಗೆಯೇ. ಹೊರಗೆ ಕರಿ ಅಥವಾ ಬಿಳಿ ಪ್ಲಾಸ್ಟಿಕ್ ಸಿಪ್ಪೆ. ಅದರ ಕೆಳಗೆ ಕೂದಲಿನಂಥ ತಂತಿಯ ಜಾಲರಿ ಮತ್ತು ಬೆಳ್ಳಿಯಂಥ ಹಾಳೆ. ಆಮೇಲೆ ದಪ್ಪ ಬಿಳಿ ಫೋಮ್. ನಟ್ಟನಡುವೆ ಒಂದೇ ಗಟ್ಟಿ ತಂತಿ. ಇದಕ್ಕೆ ಕೊಯಾಕ್ಸಿಯಲ್ ಕೇಬಲ್ ಎನ್ನುತ್ತಾರೆ.

ಒಂದೊಂದು ಪದರಕ್ಕೂ ಕೆಲಸ ಇದೆ. ಡಿಶ್ ಮುಂದಿನ ಎಲ್‌ಎನ್‌ಬಿಯಿಂದ ಸಿಗ್ನಲ್ ಕೆಳಗೆ ಬರುವುದೂ ಇದರಲ್ಲೇ, ಬಾಕ್ಸಿನಿಂದ 13 ಅಥವಾ 18 ವೋಲ್ಟ್ ಕರೆಂಟು ಮೇಲೆ ಹೋಗುವುದೂ ಇದರಲ್ಲೇ. ಜಾಲರಿಯ ಒಂದು ಕೂದಲು ನಡುವಿನ ತಂತಿಗೆ ತಾಗಿದರೂ ಶಾರ್ಟ್. ಸಿಗ್ನಲ್ಲಿನ ವೇಗವೂ ಜಾಸ್ತಿ, 950ರಿಂದ 2150 ಮೆಗಾಹರ್ಟ್ಸ್. ಅಷ್ಟು ವೇಗದ ಸಿಗ್ನಲ್ ತಂತಿಯ ಚರ್ಮದ ಮೇಲಷ್ಟೇ ಹರಿಯುತ್ತದೆ, ಒಳಗೆ ಇಳಿಯುವುದಿಲ್ಲ. ಅದಕ್ಕೇ ಕಂಪನಿಯವರು ಉಕ್ಕಿನ ತಂತಿಗೆ ಮೇಲೆ ತಾಮ್ರ ಹೊದಿಸಿ ಮಾರುತ್ತಾರೆ. ಅಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಒಳಗೆ ಉಕ್ಕು. ಬ್ಲೇಡ್ ತಾಗಿ ಆ ತಾಮ್ರದಲ್ಲಿ ಗೀರು ಬಿದ್ದರೆ ಸಿಗ್ನಲ್ ಹರಿಯುವ ದಾರಿಯೇ ಕೆಡುತ್ತದೆ, ಉಕ್ಕಿಗೆ ತುಕ್ಕು ಹಿಡಿಯುತ್ತದೆ. ಗೀರು ಬಿದ್ದ ಜಾಗದಲ್ಲೇ ತಂತಿ ಮುರಿಯುವುದೂ ಉಂಟು.

ಮೊದಲು ನಂಬರ್ ಓದಿ

ವಯರಿನ ಮೈಮೇಲೆ ನಂಬರ್ ಅಚ್ಚಾಗಿರುತ್ತದೆ. ಡಿಶ್‌ಗೆ ಹಾಕುವುದು ಆರ್‌ಜಿ-6. ಹೊರಗಿನ ದಪ್ಪ ಸುಮಾರು 7 ಮಿ.ಮೀ., ಬಿಳಿ ಫೋಮ್ 4.6 ಮಿ.ಮೀ., ನಡುವಿನ ತಂತಿ 1 ಮಿ.ಮೀ. ಕ್ಯಾಮೆರಾಕ್ಕೆ ಬಳಸುವ ಆರ್‌ಜಿ-59 ಇನ್ನೂ ಸಣ್ಣದು, ಹೊರಗೆ 6 ಮಿ.ಮೀ., ಫೋಮ್ 3.7 ಮಿ.ಮೀ. ದೂರದ ಲೈನಿಗೆ ಹಾಕುವ ಆರ್‌ಜಿ-11 ಸುಮಾರು 10 ಮಿ.ಮೀ. ದಪ್ಪ. ಕ್ಯಾಮೆರಾಕ್ಕೆಂದು ಮಾರುವ 'ಮೂರು ಪ್ಲಸ್ ಒಂದು' ವಯರಿನ ಒಳಗಿನ ಕೊಯಾಕ್ಸ್ ಎಷ್ಟೋ ಸಲ 59ಕ್ಕಿಂತಲೂ ಸಪೂರ ಇರುತ್ತದೆ.

ಹತಾರ ಕೊಳ್ಳುವಾಗ ಈ ನಂಬರೇ ಆಧಾರ. ವಯರು, ಸುಲಿಯುವ ಹತಾರ, ಪಿನ್, ಒತ್ತುವ ಪಕ್ಕಡ್ ನಾಲ್ಕೂ ಒಂದೇ ನಂಬರಿಗೆ ಹೊಂದಬೇಕು.

ಯಾವ ಯಾವ ಹತಾರ ಇವೆ?

ಬ್ಲೇಡು, ಚಾಕು: ಇವು ಮನೆಯಲ್ಲೇ ಸಿಗುತ್ತವೆ. ಆದರೆ ಎಷ್ಟು ಆಳ ಇಳಿಯಿತು ಎಂದು ಕೈಗೆ ಗೊತ್ತಾಗುವುದಿಲ್ಲ. ಅವಸರದ ಕೆಲಸಕ್ಕೆ ಸರಿ, ಬಾಳಿಕೆಗೆ ಅಲ್ಲ.

ಕರೆಂಟ್ ಕೆಲಸದ ವಯರ್ ಸ್ಟ್ರಿಪ್ಪರ್: ಇದು ಒಂದೇ ಸಿಪ್ಪೆ ಇರುವ ವಯರಿಗೆ ಮಾಡಿದ್ದು. ನಮಗೆ ಎರಡು ಮೂರು ಆಳದಲ್ಲಿ ಬೇರೆ ಬೇರೆ ಕೊಯ್ಯಬೇಕು. ಇದರಲ್ಲಿ ಆಗುವುದಿಲ್ಲ.

ಸುತ್ತಿಸುವ ಸ್ಟ್ರಿಪ್ಪರ್: ಬಟ್ಟೆ ಒಣಹಾಕುವ ಕ್ಲಿಪ್ಪಿನಂತೆ ಇರುತ್ತದೆ. ಬಾಯಿ ತೆರೆದು ವಯರು ಇಟ್ಟು, ಬೆರಳು ಸಿಕ್ಕಿಸಿ ಸುತ್ತ ತಿರುಗಿಸಬೇಕು. ಒಳಗೆ ಎರಡು ಬ್ಲೇಡು. ಒಂದು ಹೊರಸಿಪ್ಪೆ ಮಾತ್ರ ಕೊಯ್ಯುತ್ತದೆ, ಇನ್ನೊಂದು ನಡುವಿನ ತಂತಿಯ ತನಕ ಇಳಿಯುತ್ತದೆ. ನಮಗೆ ಬೇಕಾದ್ದು ಇದೇ. ಸಾದಾ ಜಾತಿಯದು ನೂರಿನ್ನೂರು ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ.

ಇದರಲ್ಲೂ ಎರಡು ಬಗೆ. ಕೆಲವದರಲ್ಲಿ ಆಳ ಕಂಪನಿಯಲ್ಲೇ ಕೂಡಿಸಿರುತ್ತಾರೆ. ಕೆಲವದರಲ್ಲಿ ಅಲೆನ್ ಕೀ ಹಾಕಿ ಆಳ ಹೆಚ್ಚು ಕಡಿಮೆ ಮಾಡಬಹುದು. ನನ್ನ ಸಲಹೆ, ಕೀ ಇರುವುದನ್ನೇ ಕೊಳ್ಳಿ. ನಮ್ಮ ಎಡೆಕುಂಟೆ ಇದ್ದ ಹಾಗೆ ಇದು. ಕುಡ ಆಳ ಹೋದರೆ ಬೆಳೆಯ ಬೇರು ಕತ್ತರಿಸುತ್ತದೆ, ಮೇಲೆ ಉಳಿದರೆ ಕಸ ಹೋಗುವುದಿಲ್ಲ. ಹೊಲಕ್ಕೆ ತಕ್ಕಂತೆ ಕೂಡಿಸಿಕೊಳ್ಳಲು ಬರಬೇಕು. ಬ್ಲೇಡ್ ಸವೆದಾಗ ಬೇರೆ ಬ್ಲೇಡ್ ಸಿಗುತ್ತದೆಯೇ ಎಂದೂ ಕೇಳಿ.

ಎರಡು ಬ್ಲೇಡೋ, ಮೂರು ಬ್ಲೇಡೋ? ಡಿಶ್‌ಗೆ ಹಾಕುವ ಎಫ್ ಪಿನ್ನಿಗೆ ಎರಡು ಸಾಕು. ನಡುವಿನ ತಂತಿ ಕಾಲು ಇಂಚು, ಫೋಮ್ ಮೇಲಿನ ಜಾಲರಿ ಇನ್ನೊಂದು ಕಾಲು ಇಂಚು, ಅಂದರೆ ಆರಾರು ಮಿ.ಮೀ. ಕ್ಯಾಮೆರಾದ ಬಿಎನ್‌ಸಿ ಕ್ರಿಂಪ್ ಪಿನ್ನಿಗೆ ಮೂರು ಮೆಟ್ಟಿಲಾಗಿ ಕೊಯ್ಯಬೇಕು, ಸಿಪ್ಪೆ ಒಂದು, ಜಾಲರಿ ಒಂದು, ಫೋಮ್ ಒಂದು. ಅದಕ್ಕೆ ಮೂರು ಬ್ಲೇಡಿನದು ಬೇಕು. ಅದರ ಅಳತೆ ಪಿನ್ನಿಂದ ಪಿನ್ನಿಗೆ ಬೇರೆ, ಪೊಟ್ಟಣದ ಮೇಲಿನ ಚಿತ್ರ ನೋಡಿ.

ಅಂಗಡಿಯಲ್ಲೇ ಪರೀಕ್ಷೆ ಮಾಡಿ

ಮನೆಯಲ್ಲಿರುವ ವಯರಿನದೇ ಒಂದು ಮೊಳ ತುಂಡು ಜೊತೆಗೆ ಒಯ್ಯಿರಿ. ಅಂಗಡಿಯವನ ಎದುರೇ ಸುಲಿದು ನೋಡಿ. ಎತ್ತು ಕೊಳ್ಳುವಾಗ ಹಲ್ಲು ನೋಡುವುದಿಲ್ಲವೇ? ಹತಾರವನ್ನು ನಾಲ್ಕೈದು ಸುತ್ತು ನಿಧಾನ ತಿರುಗಿಸಿ. ಆಮೇಲೆ ಮೂರು ನೋಡಬೇಕು.

ಒಂದು, ಸಿಪ್ಪೆಯ ಜೊತೆ ಜಾಲರಿಯ ಎಳೆ ಉದುರಿದವೇ? ಉದುರಿದರೆ ಬ್ಲೇಡ್ ಆಳ ಹೆಚ್ಚು.

ಎರಡು, ನಡುವಿನ ತಂತಿಯ ಬುಡದಲ್ಲಿ ಉಂಗುರದಂಥ ಗೀರು ಇದೆಯೇ? ಉಗುರು ಎಳೆದು ನೋಡಿ, ತಡೆದರೆ ಗೀರು ಬಿದ್ದಿದೆ.

ಮೂರು, ತಂತಿಯ ಮೇಲೆ ಫೋಮಿನ ಬಿಳಿ ಚೂರು ಉಳಿದಿದೆಯೇ? ಉಳಿದರೆ ಆಳ ಸಾಲದು. ಅದನ್ನು ಚಾಕುವಿನಲ್ಲಿ ಕೆರೆಯಬೇಡಿ, ಉಗುರಿನಲ್ಲಿ ತೆಗೆಯಿರಿ.

ಕೀ ತಿರುಗಿಸಿ ಮೂರೂ ಸರಿಬಂದರೆ ಕೊಳ್ಳಿ. ಇಲ್ಲದಿದ್ದರೆ ಅಲ್ಲೇ ಬಿಟ್ಟು ಬನ್ನಿ.

ಒತ್ತುವ ಪಕ್ಕಡ್

ಸುಲಿಯುವುದು ಅರ್ಧ ಕೆಲಸ, ಪಿನ್ ಒತ್ತುವುದು ಇನ್ನರ್ಧ. ಕಟಿಂಗ್ ಪ್ಲೇಯರಿನಲ್ಲಿ ಜಜ್ಜಿದರೆ ಪಿನ್ ಚಪ್ಪಟೆಯಾಗಿ ಒಂದು ಕಡೆ ಸಡಿಲ ಉಳಿಯುತ್ತದೆ. ಆರು ಮೂಲೆಯ ಬಾಯಿ ಇರುವ ಕ್ರಿಂಪಿಂಗ್ ಪಕ್ಕಡ್ ಬೇಕು. ಎಫ್ ಪಿನ್ನಿನಲ್ಲಿ ಆರ್‌ಜಿ-59ಕ್ಕೆ 0.324 ಇಂಚಿನ ಬಾಯಿ, ಆರ್‌ಜಿ-6ಕ್ಕೆ 0.360 ಇಂಚಿನ ಬಾಯಿ ಸಾಮಾನ್ಯ. ಪಕ್ಕಡಿನ ಮೇಲೆಯೇ ಬರೆದಿರುತ್ತದೆ. ರ‍್ಯಾಚೆಟ್ ಇರುವುದು ಒಳ್ಳೆಯದು, ಪೂರ್ತಿ ಒತ್ತುವ ತನಕ ಬಾಯಿ ಬಿಡುವುದಿಲ್ಲ.

ಈಗ ಕಂಪ್ರೆಷನ್ ಪಿನ್ ಎಂಬುದೂ ಬಂದಿದೆ. ಸುತ್ತಲೂ ಸಮನಾಗಿ ಹಿಡಿಯುತ್ತದೆ, ನೀರು ಇಳಿಯುವುದು ಕಡಿಮೆ. ಸುಲಿಯುವ ಅಳತೆ ಹೆಚ್ಚುಕಡಿಮೆ ಅದೇ, ಆದರೆ ಒತ್ತುವ ಹತಾರ ಬೇರೆ. ಹಳೆಯ ಪಕ್ಕಡ್ ಅದಕ್ಕೆ ನಡೆಯುವುದಿಲ್ಲ. ಎರಡೂ ಇಲ್ಲದವರು ಕಂಪ್ರೆಷನ್ ಕಡೆ ಹೋಗುವುದು ಲೇಸು.

ಮಾಡುವ ಕ್ರಮ

ಮೊದಲು ಬಾಕ್ಸಿನ ಪ್ಲಗ್ ಕೀಳಿ. ವಯರಿನ ತುದಿ ನೇರ ಕತ್ತರಿಸಿ, ಸುಲಿಯಿರಿ. ಫೋಮಿಗೆ ಅಂಟಿದ ಬೆಳ್ಳಿ ಹಾಳೆ ಹಾಗೇ ಇರಲಿ. ಜಾಲರಿಯನ್ನು ಹಿಂದಕ್ಕೆ ಸಿಪ್ಪೆಯ ಮೇಲೆ ಮಡಚಿ. ಒಂದು ಕೂದಲೂ ನಡುವಿನ ತಂತಿಯ ಹತ್ತಿರ ಇರಬಾರದು. ಪಿನ್ನನ್ನು ನೇರ ಒತ್ತಿ ಕೂಡಿಸಿ. ಒಳಗೆ ನೋಡಿದರೆ ಬಿಳಿ ಫೋಮ್ ಪಿನ್ನಿನ ತಳಕ್ಕೆ ಸಮ ಬಂದಿರಬೇಕು, ತಂತಿ ನಟ್ಟಿನ ಅಂಚಿನಿಂದ ಎರಡು ಮೂರು ಮಿ.ಮೀ. ಹೊರಗೆ ಕಾಣಬೇಕು. ಆಮೇಲೆ ಒತ್ತಿ. ಕೈಯಿಂದ ಜಗ್ಗಿ ನೋಡಿ, ಜಾರಬಾರದು.

ಹೊರಗಿನ ಪಿನ್ನಿಗೆ ರಬ್ಬರ್ ಟೋಪಿ ಹಾಕಿ. ವಯರು ಪಿನ್ನಿಗೆ ಬರುವ ಮುಂಚೆ ಕೆಳಗೆ ಜೋತುಬಿದ್ದು ಮೇಲೆ ಏರಲಿ, ಮಳೆನೀರು ಕೆಳಗೇ ತೊಟ್ಟಿಕ್ಕಿ ಹೋಗುತ್ತದೆ.

ಖರ್ಚು ಹಂಚಿಕೊಳ್ಳಿ

ವರ್ಷಕ್ಕೆ ಎರಡು ಮೂರು ಸಲ ಬೇಕಾಗುವ ಸಾಮಾನಿಗೆ ಒಬ್ಬರೇ ದುಡ್ಡು ಹಾಕುವುದು ಬೇಡ. ನಮ್ಮ ಓಣಿಯ ಐದು ಮನೆ ಸೇರಿ ಒಂದು ಸ್ಟ್ರಿಪ್ಪರು, ಒಂದು ಪಕ್ಕಡ್ ಕೊಂಡೆವು, ಸ್ಪ್ರೇಯರ್ ಕೊಂಡ ಹಾಗೆ. ಪೇಟೆಯಿಂದ ರಿಪೇರಿಯವನು ಬಂದರೆ ಅವನ ಗಾಡಿ ಖರ್ಚೂ ನಮ್ಮದೇ. ಎರಡು ಸಲ ಬರುವುದು ತಪ್ಪಿದರೆ ಹತಾರದ ದುಡ್ಡು ಬಹಳಷ್ಟು ಹುಟ್ಟಿತು ಎನ್ನಿ. ಕಟ್ಟು ಒಂದೇ: ಆ ಸ್ಟ್ರಿಪ್ಪರಿನಲ್ಲಿ ಮೋಟರ್ ಕೇಬಲ್, ಮನೆಯ ವಯರು ಸುಲಿಯಬಾರದು. ಒಮ್ಮೆ ಬ್ಲೇಡ್ ಮೊಂಡಾದರೆ ಐದೂ ಮನೆಗೆ ನಷ್ಟ. ಮಣ್ಣು ತಾಗದಂತೆ ಡಬ್ಬಿಯಲ್ಲಿ ಇಡಿ, ಪ್ರತಿ ಸಲ ಮೊದಲು ಹಾಳು ತುಂಡಿನ ಮೇಲೆ ಪರೀಕ್ಷೆ ಮಾಡಿ.

ಮುಂಗಾರಿನ ಮೊದಲು ಬೀಜ ಗೊಬ್ಬರ ಹೊಂದಿಸುವ ಹೊತ್ತಿಗೇ ಹೊರಗಿನ ಪಿನ್ನುಗಳನ್ನೂ ಒಮ್ಮೆ ಬಿಚ್ಚಿ ನೋಡಿಬಿಡಿ. ಹಸಿರು ಕಿಲುಬು ಕಂಡರೆ ಒಂದು ಗೇಣು ಕತ್ತರಿಸಿ, ಹೊಸ ಪಿನ್ ಹಾಕಿ.